ಎಲ್ಲಾ ಒಟ್ಟಿಗೆ ಶುರು ಮಾಡಿ ಎಲ್ಲಾನೂ ಬಿಟ್ಬಿಟ್ಟೆ, ಈ ಸಲ ಯಾವ್ದರಿಂದ ಶುರು ಮಾಡ್ಲಿ?

ಹೊಸದಾರಿ:

ಎಲ್ರಿಗೂ ನಮಸ್ಕಾರ. ನಂಗೀಗ 41, ದಿನವಿಡೀ ಕುರ್ಚಿ ಮೇಲೆ ಕೂತು ಮಾಡೋ ಕೆಲಸ. ಎರಡು ತಿಂಗಳ ಹಿಂದೆ ಅಣ್ಣಂಗೆ ಸ್ಟ್ರೋಕ್ ಆಯ್ತು, ನನಗಿಂತ ಐದೇ ವರ್ಷ ದೊಡ್ಡೋನು. ಬಲಗೈ ಇನ್ನೂ ಸರಿಯಾಗಿ ಸ್ವಾಧೀನಕ್ಕೆ ಬಂದಿಲ್ಲ, ಮಾತು ತೊದಲುತ್ತೆ. ಆಸ್ಪತ್ರೆಗೆ ಕರ್ಕೊಂಡ್ ಹೋದಾಗ ಬಿಪಿ 190/110 ಇತ್ತು. ಕೊನೇ ಸಲ ಬಿಪಿ ಯಾವಾಗ ನೋಡ್ಸಿದ್ರಿ ಅಂತ ಡಾಕ್ಟರ್ ಕೇಳಿದ್ರು, ಮನೇಲಿ ಒಬ್ರಿಗೂ ಗೊತ್ತಿರ್ಲಿಲ್ಲ, ಅತ್ತಿಗೆ ಅಮ್ಮನ ಮುಖ ನೋಡಿದ್ರು, ಅಮ್ಮ ನನ್ನ ಮುಖ ನೋಡಿದ್ರು.

ಆ ಭಯದಲ್ಲಿ ಮನೆಗೆ ಬಂದವನೇ ಒಂದೇ ದಿನದಲ್ಲಿ ಎಲ್ಲಾ ಬದಲಾಯಿಸ್ಬಿಟ್ಟೆ, ಬೆಳಿಗ್ಗೆ 5ಕ್ಕೆ ಅಲಾರಂ, ಒಂದು ಗಂಟೆ ಓಟ, ಸಕ್ಕರೆ ಬಂದ್, ದಿನಾ 4 ಲೀಟರ್ ನೀರು, 10,000 ಹೆಜ್ಜೆ, ರಾತ್ರಿ ಮೊಬೈಲ್ ಮುಟ್ಟಂಗಿಲ್ಲ. ಒಂಬತ್ತನೇ ದಿನ ಮೊಣಕಾಲು ಊದ್ಕೊಳ್ತು. ಓಟ ನಿಂತಿದ್ದೇ ಬೇರೆ ಎಲ್ಲಾನೂ ಒಂದರ ಹಿಂದೆ ಒಂದು ಕೈ ಬಿಟ್ಟೋಯ್ತು, ಈಗ ಮೊದಲಿದ್ದ ಹಾಗೇ ಇದ್ದೀನಿ. ಮಗಳಿಗೆ 9 ವರ್ಷ. ಅಣ್ಣ ಚಮಚ ಹಿಡ್ಯೋಕೆ ಕಷ್ಟಪಡೋದನ್ನ ನೋಡಿ ಬಂದ್ ಪ್ರತೀ ಸಲ ರಾತ್ರಿ ನಿದ್ದೆ ಬರಲ್ಲ.

ಕೇಳೋದು ಇಷ್ಟೇ, ಎರಡೋ ಮೂರೋ ಅಭ್ಯಾಸ ಮಾತ್ರ ಹಿಡಿದ್ರೆ ಸಾಕು ಅನ್ನೋದಾದ್ರೆ ನೀವು ಯಾವ್ದನ್ನ ಹಿಡೀತೀರಿ? ವರ್ಷಾನುಗಟ್ಟಲೆ ನಡೆಸ್ಕೊಂಡು ಬಂದಿರೋರು ಹೇಳಿ ದಯವಿಟ್ಟು.

ಮುಂಜಾವು:

ಅಣ್ಣ ಬೇಗ ಸುಧಾರಿಸ್ಕೊಳ್ಳಲಿ ಸರ್. ಒಂದು ಮಾತು, ನೀವು ಇಷ್ಟುದ್ದ ಬರ್ದಿದ್ದೀರಿ, ಆದ್ರೆ ನಿಮ್ಮ ಬಿಪಿ ಎಷ್ಟು ಅಂತ ಎಲ್ಲೂ ಇಲ್ವಲ್ಲ? ನೋಡ್ಸಿದ್ರಾ?

ಹೊಸದಾರಿ:

ಇಲ್ಲ, ನೋಡ್ಸಿಲ್ಲ. ಜಾಸ್ತಿ ಇದ್ರೆ ಏನ್ ಮಾಡೋದು ಅನ್ನೋ ಹೆದರಿಕೆ. ಮೊದ್ಲು ತೂಕ ಇಳಿಸಿ, ವ್ಯಾಯಾಮ ಮಾಡಿ, ಆಮೇಲೆ ಹೋಗೋಣ ಅಂದ್ಕೊಂಡಿದ್ದೆ.

ಬಿಳಿಸೀರೆ:

ನಾನು ನರ್ಸ್, ವಾರ್ಡಲ್ಲಿ ಹತ್ತೊಂಬತ್ತು ವರ್ಷ ಆಯ್ತು. ಸರ್, ನೀವು ಬರೆದಿರೋ ಆ ಕೊನೇ ಸಾಲು ಇದ್ಯಲ್ಲ, ಆಮೇಲೆ ಹೋಗೋಣ ಅಂತ, ಅದನ್ನ ನಾನು ಕೇಳ್ದಷ್ಟು ಸಲ ಬೇರೆ ಯಾವ ಮಾತೂ ಕೇಳಿಲ್ಲ. ದಯವಿಟ್ಟು ನಾಳೇನೇ ಹೋಗಿ ನೋಡಿಸಿ. ಬಿಪಿ ಜಾಸ್ತಿ ಇದ್ರೆ ತಲೆ ನೋಯುತ್ತೆ, ತಲೆ ಸುತ್ತುತ್ತೆ, ನಮಗೆ ಗೊತ್ತಾಗೇ ಆಗುತ್ತೆ ಅಂತ ಜನ ನಂಬ್ಕೊಂಡಿರ್ತಾರೆ, ಹೆಚ್ಚಿನೋರಿಗೆ ಏನೂ ಗೊತ್ತಾಗಲ್ಲ, ವರ್ಷಗಟ್ಟಲೆ ಒಳಗೊಳಗೇ ರಕ್ತನಾಳ, ಕಿಡ್ನಿ, ಹೃದಯ ಎಲ್ಲಾ ಸವೀತಾ ಇರುತ್ತೆ. ಅಳತೆ ಮಾಡದೇ ಅದನ್ನ ಕಂಡ್ಹಿಡಿಯೋಕೆ ದಾರೀನೇ ಇಲ್ಲ. ಹಾಗಾಗಿ ಮೊದಲ್ನೇ ಅಭ್ಯಾಸ ಯಾವ್ದು ಅಂದ್ರೆ ನಾನು ಇದನ್ನೇ ಹೇಳೋದು. ಜೊತೆಗೆ ಒಂದ್ ಸಲ ಶುಗರ್ ಕೂಡ ನೋಡಿಸ್ಬಿಡಿ, ಬರಿಹೊಟ್ಟೇಲಿ 100ಕ್ಕಿಂತ ಕಮ್ಮಿ ಇದ್ರೆ ಸರಿ, 126 ಅಥವಾ ಅದಕ್ಕಿಂತ ಜಾಸ್ತಿ ಬಂದ್ರೆ ಮತ್ತೊಮ್ಮೆ ಟೆಸ್ಟ್ ಮಾಡಿ ಡಯಾಬಿಟಿಸ್ ಹೌದಾ ಅಲ್ವಾ ಅಂತ ಖಚಿತ ಮಾಡ್ಕೊಳ್ತಾರೆ.

ನೋಡ್ಸೋವಾಗ ಮೆಟ್ಲು ಹತ್ತಿ ಬಂದ ತಕ್ಷಣ ಕೈ ಕೊಡ್ಬೇಡಿ. ಐದು ನಿಮಿಷ ಸುಮ್ನೆ ಕೂತ್ಕೊಳ್ಳಿ, ಬೆನ್ನಿಗೆ ಆಸರೆ ಇರ್ಲಿ, ಪಾದ ನೆಲದ ಮೇಲೆ, ಕಾಲ ಮೇಲೆ ಕಾಲು ಬೇಡ, ತೋಳು ಎದೆ ಮಟ್ಟದಲ್ಲಿ ಯಾವುದರ ಮೇಲಾದ್ರೂ ಇಟ್ಕೊಳ್ಳಿ, ಅಳೀವಾಗ ಮಾತಾಡ್ಬೇಡಿ. ಅರ್ಧ ಗಂಟೆ ಮುಂಚೆಯಿಂದ ಕಾಫಿ, ಸಿಗರೇಟ್ ಬೇಡ. ಮೂತ್ರ ತಡ್ಕೊಂಡು ಕೂತ್ರೂ ಬಿಪಿ ಏರುತ್ತೆ. ಕ್ಲಿನಿಕ್ಕಲ್ಲಿ ಬೇರೆ ಬೇರೆ ದಿನ ನೋಡ್ದಾಗ್ಲೂ 140/90 ಅಥವಾ ಅದಕ್ಕಿಂತ ಜಾಸ್ತಿ ಬಂದ್ರೆ ಅದು ಬಿಪಿ ಕಾಯಿಲೆ ಅಂತ ಲೆಕ್ಕ.

ಎರಡನೇದು ಉಪ್ಪು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳೋದು ದಿನಕ್ಕೆ 5 ಗ್ರಾಂಗಿಂತ ಕಮ್ಮಿ, ಅಂದ್ರೆ ಹೆಚ್ಚುಕಮ್ಮಿ ಒಂದು ಟೀ ಚಮಚ ಇಡೀ ದಿನಕ್ಕೆ, ಎಲ್ಲಾ ಸೇರಿ. ಪೂರ್ತಿ ಬಿಡೋಕೆ ಹೋಗ್ಬೇಡಿ, ಊಟ ರುಚಿಸಲ್ಲ, ನಾಲ್ಕೇ ದಿನಕ್ಕೆ ಸಾಕಪ್ಪಾ ಅನ್ಸುತ್ತೆ. ಸ್ವಲ್ಪ ಸ್ವಲ್ಪ ಇಳಿಸ್ತಾ ಬನ್ನಿ, ಕೆಲವು ವಾರದಲ್ಲಿ ನಾಲಿಗೆ ಹೊಂದ್ಕೊಳ್ಳುತ್ತೆ. ಪೊಟ್ಟಣದ ತಿಂಡಿಗಳಲ್ಲಿ ಎಷ್ಟಿದೆ ಅಂತ ಹಿಂದುಗಡೆ ಓದಿ ನೋಡಿ, ಸಿಹಿ ಬಿಸ್ಕತ್ತಲ್ಲೂ ಇರುತ್ತೆ.

ನಾವು ಚಿಕ್ಕದು ಅಂತ ಕಡೆಗಣಿಸೋ ಇನ್ನೊಂದಿದೆ, ಕೈ ತೊಳೆಯೋದು. 1847ರಲ್ಲಿ ವಿಯೆನ್ನಾದ ಆಸ್ಪತ್ರೇಲಿ ಇಗ್ನಾಜ್ ಸೆಮ್ಮೆಲ್‌ವೈಸ್ ಅನ್ನೋ ಡಾಕ್ಟರು, ಹೆರಿಗೆ ಮಾಡ್ಸೋಕೆ ಮುಂಚೆ ಎಲ್ರೂ ಕ್ಲೋರಿನ್ ಬೆರೆಸಿದ ನೀರಲ್ಲಿ ಕೈ ತೊಳೀಬೇಕು ಅಂತ ಕಡ್ಡಾಯ ಮಾಡಿದ್ರು, ಆ ವಾರ್ಡಲ್ಲಿ ನೂರಕ್ಕೆ ಹತ್ತಕ್ಕೂ ಜಾಸ್ತಿ ಬಾಣಂತಿಯರು ಸಾಯ್ತಿದ್ದ ಕಾಲ ಅದು, ಕೆಲವೇ ತಿಂಗಳಲ್ಲಿ ಎರಡರ ಹತ್ರಕ್ಕೆ ಇಳೀತು. ಆಗಿನ್ನೂ ರೋಗಾಣು ಅಂದ್ರೇನು ಅಂತಾನೇ ಸರಿಯಾಗಿ ಗೊತ್ತಿರ್ಲಿಲ್ಲ. ಈ ಕತೆ ನೆನಪಾದಾಗೆಲ್ಲಾ ನಂಗೆ ಮೈ ಜುಮ್ಮನ್ನುತ್ತೆ. ಮನೇಲಿ ಟಾಯ್ಲೆಟ್ಟಿಂದ ಬಂದ್ಮೇಲೆ, ಅಡುಗೆಗೆ ಮುಂಚೆ, ಊಟಕ್ಕೆ ಮುಂಚೆ ಸೋಪು ಹಚ್ಚಿ ಬೆರಳ ಸಂದಿ, ಉಗುರಿನ ತುದಿ, ಹೆಬ್ಬೆರಳು ಎಲ್ಲಾ ಸೇರಿಸಿ 20 ಸೆಕೆಂಡ್ ಉಜ್ಜಿ, ಮಗಳಿಗೂ ಈಗ್ಲೇ ಕಲ್ಸಿ.

ಕೊನೇದಾಗಿ, ಮನೇಲಿ ಎಲ್ರೂ ಇದನ್ನ ಬಾಯಿಪಾಠ ಮಾಡ್ಕೊಳ್ಳಿ. ಇದ್ದಕ್ಕಿದ್ದ ಹಾಗೆ ಮುಖ ಒಂದು ಕಡೆ ಜೋತುಬಿದ್ರೆ, ಒಂದು ಕೈ ಎತ್ತೋಕಾಗದೇ ಹೋದ್ರೆ, ಮಾತು ತೊದಲಿದ್ರೆ, ಇದ್ರಲ್ಲಿ ಒಂದು ಕಂಡ್ರೂ ಸ್ಟ್ರೋಕ್ ಇರ್ಬಹುದು, ಟೈಮ್ ನೋಡ್ಕೊಂಡು ನೇರ ದೊಡ್ಡಾಸ್ಪತ್ರೆಗೆ. ಹೆಪ್ಪುಗಟ್ಟಿದ ರಕ್ತ ಕರಗಿಸೋ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆ ಒಳಗೆ ಕೊಡ್ಬೇಕು. ಸ್ವಲ್ಪ ಮಲಗಿ ನೋಡೋಣ ಅಂತ ಕಾದು ಬಂದೋರನ್ನ ನೋಡಿ ನೋಡಿ ಹೊಟ್ಟೆ ಉರೀತದೆ.

ಸಾವಿರಹೆಜ್ಜೆ:

ಸಿಸ್ಟರ್ ಹೇಳಿದ್ದಕ್ಕೆ ಪೂರ್ತಿ ಒಪ್ಪಿಗೆ. ನಾನು ನಡಿಗೆ ಬಗ್ಗೆ ಮಾತ್ರ ಬರೀತೀನಿ, ಯಾಕಂದ್ರೆ ನಾನೂ ನಿಮ್ ಥರಾನೇ ಮಂಡಿ ಕೆಡಿಸ್ಕೊಂಡು ಕಲ್ತೋನು.

10,000 ಹೆಜ್ಜೆ ಅನ್ನೋ ಲೆಕ್ಕ ಡಾಕ್ಟರುಗಳಿಂದ ಬಂದಿದ್ದಲ್ಲ ಗೊತ್ತಾ. 1965ರ ಹೊತ್ತಿಗೆ ಜಪಾನಲ್ಲಿ ಸೊಂಟಕ್ಕೆ ಸಿಕ್ಕಿಸ್ಕೊಳ್ಳೋ ಹೆಜ್ಜೆ ಎಣಿಸೋ ಯಂತ್ರ ಮಾರಾಟಕ್ಕೆ ಬಂತು, ಅದರ ಹೆಸರು ಮಾನ್ಪೋ-ಕೇ, ಅಂದ್ರೆ ಹತ್ತು ಸಾವಿರ ಹೆಜ್ಜೆ ಮೀಟರ್ ಅಂತಾನೇ ಅರ್ಥ. ಅಲ್ಲಿಂದ ಲೋಕಕ್ಕೆಲ್ಲಾ ಹಬ್ಬಿತು. 2019ರಲ್ಲಿ ಅಮೆರಿಕದಲ್ಲಿ ಸುಮಾರು 17,000 ವಯಸ್ಸಾದ ಹೆಂಗಸರ ಮೇಲೆ ನಡೆದ ಅಧ್ಯಯನ ಪ್ರಕಟ ಆಯ್ತು, ದಿನಕ್ಕೆ 2,700 ಹೆಜ್ಜೆ ನಡೆಯೋರಿಗಿಂತ 4,400 ಹೆಜ್ಜೆ ನಡೆಯೋರಲ್ಲೇ ಸಾವು ಎಷ್ಟೋ ಕಮ್ಮಿ ಇತ್ತು, 7,500 ದಾಟಿದ್ಮೇಲೆ ಅಷ್ಟೇನೂ ಹೆಚ್ಚುವರಿ ಲಾಭ ಕಾಣ್ಲಿಲ್ಲ. ನಿಮ್ಮ ವಯಸ್ಸಿಗೆ ಲೆಕ್ಕ ಸ್ವಲ್ಪ ಬೇರೆ ಇರಬಹುದು, ಆದ್ರೂ ಏನೂ ನಡೀದೇ ಇರೋನು ಸ್ವಲ್ಪ ನಡೆಯೋಕೆ ಶುರು ಮಾಡೋದ್ರಲ್ಲೇ ದೊಡ್ಡ ಲಾಭ ಇರೋದು ಅಂತ ನಾನು ಅರ್ಥ ಮಾಡ್ಕೊಂಡಿದ್ದೀನಿ.

ಇನ್ನೊಂದು ನಂಗೆ ತುಂಬಾ ಇಷ್ಟ ಆಗೋದು. 1953ರಲ್ಲಿ ಜೆರ್ರಿ ಮಾರಿಸ್ ಅನ್ನೋರು ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸಿನೋರ ಹೃದಯದ ಲೆಕ್ಕ ಪ್ರಕಟಿಸಿದ್ರು, ಕೂತು ಓಡ್ಸೋ ಡ್ರೈವರ್‌ಗಳಿಗಿಂತ ದಿನವಿಡೀ ಮೇಲೆ ಕೆಳಗೆ ಮೆಟ್ಲು ಹತ್ತಿಳಿಯೋ ಕಂಡಕ್ಟರ್‌ಗಳಿಗೆ ಹೃದಯದ ಕಾಯಿಲೆ ಕಮ್ಮಿ. ಅವರ್ಯಾರೂ ವ್ಯಾಯಾಮ ಅಂತ ಮಾಡ್ತಿರ್ಲಿಲ್ಲ ಸರ್, ಅವ್ರ ಕೆಲಸದಲ್ಲೇ ನಡಿಗೆ ಸೇರ್ಕೊಂಡಿತ್ತು.

ನಾನೂ ಹಾಗೇ ಮಾಡಿದ್ದು. ನಾಲ್ಕು ವರ್ಷದ ಹಿಂದೆ ಶುಗರ್ ಗಡಿ ಮೇಲಿತ್ತು. ಬೆಳಿಗ್ಗೆ ಐದಕ್ಕೆ ಏಳೋದು ನನ್ನಿಂದಾಗ್ಲಿಲ್ಲ, ಮಧ್ಯಾಹ್ನ ಊಟ ಮಾಡಿ ಕೈ ತೊಳ್ದು ಕುರ್ಚಿಗೆ ವಾಪಸ್ ಹೋಗೋ ಬದಲು ನೇರ ಬಾಗಿಲಿಂದಾಚೆ 10 ನಿಮಿಷ, ರಾತ್ರಿ ಊಟ ಆದ್ಮೇಲೂ ಅಷ್ಟೇ. ಊಟ ಆದ್ಮೇಲೆ ನಡೆದ್ರೆ ಸ್ನಾಯುಗಳು ರಕ್ತದಲ್ಲಿರೋ ಸಕ್ಕರೇನ ಎಳ್ಕೊಂಡು ಬಳಸ್ತವೆ, ಶುಗರ್ ದಿಢೀರ್ ಏರೋದು ತಗ್ಗುತ್ತೆ. ಎರಡು ಹೊತ್ತು ಹತ್ತತ್ತು ನಿಮಿಷ ಅಂದ್ರೆ ವಾರಕ್ಕೆ 140 ನಿಮಿಷ, ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಅಂತಾರಲ್ಲ, ಅದರ ಹತ್ರಾನೇ ಬಂತು, ಸ್ವಲ್ಪ ಬಿರುಸಾಗಿ ನಡೀಬೇಕು ಅಷ್ಟೇ, ಮಾತಾಡ್ಬೋದು ಆದ್ರೆ ಹಾಡೋಕೆ ಆಗ್ಬಾರ್ದು ಅನ್ನೋ ವೇಗ.

ಒಂದು ದಿನ ತಪ್ಪಿದ್ರೆ ಎಲ್ಲಾ ಹೋಯ್ತು ಅಂದ್ಕೋಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು ಅಭ್ಯಾಸ ಮೈಗೂಡೋಕೆ ಎಷ್ಟು ದಿನ ಬೇಕು ಅಂತ ನೋಡಿದ್ರು, ಸರಾಸರಿ 66 ದಿನ ಬಂತು, ಒಬ್ಬೊಬ್ರಿಗೆ 18 ಸಾಕಾಯ್ತು, ಇನ್ನು ಕೆಲವರಿಗೆ 254 ಬೇಕು ಅನ್ನೋ ಅಂದಾಜು. ಮಧ್ಯೆ ಒಂದು ದಿನ ಬಿಟ್ಟೋದ್ರೂ ಏನೂ ಹಾಳಾಗ್ಲಿಲ್ಲ. ನೀವು 9 ದಿನಕ್ಕೆ ಸೋತೆ ಅಂತಿದ್ದೀರಿ.

ಬೇರುನಾರು:

ಬಿಪಿ ನೋಡ್ಸೋಕೆ ಹೋದ್ರೆ ಮಾತ್ರೆ ಬರ್ಕೊಡ್ತಾರೆ, ಒಂದ್ಸಲ ಶುರು ಮಾಡಿದ್ರೆ ಜೀವನಪೂರ್ತಿ ಬಿಡೋಂಗಿಲ್ಲ, ಅದಕ್ಕೇ ಹೇಳೋದು ಆ ಕಡೆ ಹೋಗ್ಲೇಬೇಡಿ. ನೀರು ಚೆನ್ನಾಗಿ ಕುಡೀರಿ, 4 ಲೀಟರ್ ಸರಿಯಾಗೇ ಇತ್ತು, ಮೈಯಲ್ಲಿರೋ ವಿಷ ಎಲ್ಲಾ ಹೊರಗೆ ಹೋಗುತ್ತೆ.

ಬಿಳಿಸೀರೆ:

ಬೇರುನಾರು ಅವ್ರೇ, ನಿಮ್ಮ ಮನಸ್ಸಲ್ಲಿ ಒಳ್ಳೇದೇ ಇರುತ್ತೆ, ಆದ್ರೆ ಈ ಮಾತು ಓದಿ ಯಾರಾದ್ರೂ ಬಿಪಿ ನೋಡ್ಸೋದು ಬಿಟ್ರೆ ಅಂತ ಭಯ ಆಗ್ತಿದೆ, ಅದಕ್ಕೆ ಬರೀತಿದ್ದೀನಿ. ಕೆಲವರಿಗೆ ಮಾತ್ರೆ ಬಹಳ ವರ್ಷ ಬೇಕಾಗುತ್ತೆ, ನಿಜ. ಆದ್ರೆ ಅದು ಮಾತ್ರೆ ಅಂಟಿಸಿದ ಚಟ ಅಲ್ಲ, ಕಾಯಿಲೆ ಇರೋದ್ರಿಂದ ಮಾತ್ರೆ ಬೇಕು. ತೂಕ, ಉಪ್ಪು, ನಡಿಗೆ ಇವು ಸರಿಯಾಗಿ ಡೋಸ್ ಇಳಿಸಿದೋರನ್ನೂ ನೋಡಿದ್ದೀನಿ, ಡಾಕ್ಟರೇ ನೋಡಿ ಇಳಿಸಿದ್ದು. ಚೆನ್ನಾಗಿದ್ದೀನಲ್ಲ ಅಂತ ತಾವಾಗೇ ನಿಲ್ಲಿಸಿ ಸ್ಟ್ರೋಕ್ ಆಗಿ ಬಂದೋರನ್ನೂ ಇದೇ ಕೈಯಲ್ಲಿ ಮಲಗಿಸಿದ್ದೀನಿ.

ನೀರಿನ ವಿಷಯ, ಬೇಡದ್ದನ್ನ ಸೋಸೋ ಕೆಲಸ ಕಿಡ್ನಿ, ಲಿವರ್ ತಾವೇ ಮಾಡ್ತವೆ. ಬಾಯಾರಿಕೆ ಆದಾಗ ಕುಡೀರಿ, ಮೂತ್ರ ತಿಳಿ ಹಳದಿ ಇದ್ರೆ ಸಾಕಷ್ಟು ಆಗಿದೆ ಅಂತ. ಸೆಕೆ, ಬೆವರು, ಭೇದಿ ಇದ್ದಾಗ ಜಾಸ್ತಿ ಬೇಕು. ಹೃದಯ, ಕಿಡ್ನಿ ತೊಂದ್ರೆ ಇರೋರಿಗೆ ಡಾಕ್ಟರೇ ಇಷ್ಟೇ ಕುಡೀರಿ ಅಂತ ಮಿತಿ ಹಾಕಿರ್ತಾರೆ, ಅಂಥೋರು 4 ಲೀಟರ್ ಕುಡಿದ್ರೆ ಕಾಲು ಊದಿ ಉಸಿರು ಕಟ್ಟುತ್ತೆ.

ರಾತ್ರಿಪಾಳಿ:

ನಿದ್ದೆ ಬಗ್ಗೆ ಯಾರೂ ಹೇಳ್ಲಿಲ್ಲ. ಬೆಳಿಗ್ಗೆ 5ಕ್ಕೆ ಎದ್ದೆ ಅಂದ್ರಲ್ಲ, ಮಲಗ್ತಿದ್ದಿದ್ದು ಎಷ್ಟೊತ್ತಿಗೆ? ದೊಡ್ಡೋರಿಗೆ ಕನಿಷ್ಠ 7 ಗಂಟೆ ಬೇಕು, ನಿದ್ದೆ ಕದ್ದು ಓಡೋಕೆ ಹೋದ್ರೆ ಹಸಿವು ಜಾಸ್ತಿ, ಸಿಟ್ಟು ಜಾಸ್ತಿ, ಬಿಪೀನೂ ಏರುತ್ತೆ. ನಾನು ಸಂಜೆ ಮೇಲೆ ಕಾಫಿ ಬಿಟ್ಟೆ, ಕುಡಿದ ಕೆಫೀನಲ್ಲಿ ಅರ್ಧ ಐದಾರು ಗಂಟೆ ಆದ್ರೂ ಮೈಯಲ್ಲೇ ಇರುತ್ತೆ. ಇನ್ನೊಂದು, ನೀವು ಜೋರಾಗಿ ಗೊರಕೆ ಹೊಡೀತೀರಾ ಅಂತ ಮನೇಲಿ ಕೇಳಿ. ನನ್ನ ಹೆಂಡ್ತಿ ಹೇಳಿದ್ದು, ರೀ ನಿಮ್ಮ ಗೊರಕೆ ಮಧ್ಯೆ ಮಧ್ಯೆ ನಿಂತೋಗುತ್ತೆ, ಉಸಿರೇ ಇರಲ್ಲ, ಆಮೇಲೆ ಬೆಚ್ಚಿಬಿದ್ದು ಎಳ್ಕೋತೀರಿ ಅಂತ. ಟೆಸ್ಟ್ ಮಾಡ್ಸಿದ್ರೆ ಸ್ಲೀಪ್ ಆಪ್ನಿಯಾ. ಬಿಪಿ ಬಗ್ಗದೇ ಇರೋದಕ್ಕೆ ಅದೂ ಒಂದು ಕಾರಣ ಅಂತ ಡಾಕ್ಟರ್ ಹೇಳಿದ್ರು, ಅವಳು ಹೇಳ್ದೇ ಇದ್ದಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ.

ಮುಂಜಾವು:

ಸಿಗರೇಟ್ ಇದ್ರೆ ಅದನ್ನ ಬಿಡೋದು ಇವೆಲ್ಲಕ್ಕಿಂತ ಮೇಲೆ, ಸರ್ ಬರೆದಿಲ್ಲ ಅಂದ್ರೆ ಇಲ್ಲ ಅಂದ್ಕೊಳ್ತೀನಿ.

ಹೊಸದಾರಿ:

ಸಿಗರೇಟ್ ಇಲ್ಲ. ನಿನ್ನೆ ಹೋಗಿ ಬಂದೆ. ಸಿಸ್ಟರ್ ಹೇಳ್ದಂಗೆ ಐದು ನಿಮಿಷ ಕೂತು ನೋಡ್ಸಿದೆ, 152/96, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿದ್ರು, 148/94. ಶುಗರ್ 97. ಕೈ ನಡುಗ್ತಿತ್ತು ನಿಜ, ಆದ್ರೆ ನಂಬರ್ ಗೊತ್ತಾದ್ಮೇಲೆ ಯಾಕೋ ಎದೆ ಮೇಲಿಂದ ಕಲ್ಲು ಇಳಿಸಿದಂಗಾಯ್ತು, ಇಷ್ಟು ದಿನ ಏನೇನೋ ಊಹೆ ಮಾಡ್ಕೊಂಡಿದ್ದೆ. ಡಾಕ್ಟರ್ ತಕ್ಷಣ ಮಾತ್ರೆ ಕೊಡ್ಲಿಲ್ಲ, ಮನೇಲಿ ಒಂದು ವಾರ ನೋಡಿ ಬರ್ಕೊಂಡ್ ಬನ್ನಿ ಅಂದ್ರು. ಗೊರಕೆ ಇದೆಯಂತೆ, ಉಸಿರು ನಿಲ್ಲೋದನ್ನ ಗಮನಿಸ್ತೀನಿ ಅಂದ್ಳು ಹೆಂಡ್ತಿ. ರಾತ್ರಿ ಊಟ ಆದ್ಮೇಲೆ ಮಗಳ ಜೊತೆ 10 ನಿಮಿಷ ನಡ್ದೆ, ಅವಳಿಗೆ ಅದು ಹಬ್ಬ, ಇವತ್ತು ಊಟಕ್ಕೆ ಮುಂಚೇನೇ ಚಪ್ಪಲಿ ಹಾಕ್ಕೊಂಡು ಕೂತಿದ್ಳು.

ಸಿಸ್ಟರ್, ಮಷೀನ್ ತಂದಿದ್ದೀನಿ. ದಿನಕ್ಕೆ ಎಷ್ಟು ಸಲ ನೋಡ್ಬೇಕು? ಅಣ್ಣಂದೂ ಅದ್ರಲ್ಲೇ ನೋಡ್ಬಹುದಾ?

ಬಿಳಿಸೀರೆ:

ಹೋಗಿ ಬಂದ್ರಲ್ಲ, ಓದಿ ತುಂಬಾ ಖುಷಿಯಾಯ್ತು ಸರ್.

ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ, ಒಂದಕ್ಕೂ ಇನ್ನೊಂದಕ್ಕೂ ಮಧ್ಯೆ ಕನಿಷ್ಠ ಒಂದು ನಿಮಿಷ ಬಿಡಿ. ಏಳು ದಿನ ಬರ್ದಿಡಿ, ಮೊದಲ್ನೇ ದಿನದ್ದು ಬಿಟ್ಟು ಮಿಕ್ಕಿದ್ದರ ಸರಾಸರಿ ತೆಗೀರಿ. ಮನೇಲಿ ನೋಡೋದಕ್ಕೆ ಗಡಿ 135/85, ಕ್ಲಿನಿಕ್ಕಿಗಿಂತ ಸ್ವಲ್ಪ ಕೆಳಗೆ. ಒಂದು ಸಲ ಜಾಸ್ತಿ ಬಂತು ಅಂತ ಗಾಬರಿಯಾಗಿ ಹತ್ತು ಸಲ ನೋಡ್ತಾ ಕೂರ್ಬೇಡಿ, ಗಾಬರಿಗೇ ಏರುತ್ತೆ. ಆದ್ರೆ 180/120 ದಾಟಿ, ಜೊತೆಗೆ ಎದೆನೋವು, ಉಸಿರಾಟದ ತೊಂದ್ರೆ, ಕಣ್ಣು ಮಂಜು, ಮಾತು ತೊದಲೋದು ಏನಾದ್ರೂ ಇದ್ರೆ ಕಾಯೋದು ಬೇಡ, ಹೊರಡಿ. ತೋಳಿಗೆ ಸುತ್ತೋ ಪಟ್ಟಿ ನಿಮ್ಮ ತೋಳಿನ ದಪ್ಪಕ್ಕೆ ಸರಿಯಾಗಿದ್ಯಾ ಅಂತ ಪೆಟ್ಟಿಗೆ ಮೇಲೆ ಅಳತೆ ಬರೆದಿರುತ್ತೆ ನೋಡ್ಕೊಳ್ಳಿ, ಚಿಕ್ಕದಾದ್ರೆ ಸುಳ್ಳೇ ಜಾಸ್ತಿ ತೋರ್ಸುತ್ತೆ. ಬಟ್ಟೆ ಮೇಲೆ ಸುತ್ತಬೇಡಿ.

ಅಣ್ಣಂದೂ ಅದ್ರಲ್ಲೇ ನೋಡಿ. ಬಲಗೈಗೆ ಶಕ್ತಿ ಇಲ್ಲ ಅಂದ್ರಲ್ಲ, ಅದಕ್ಕೆ ಸುತ್ತಬೇಡಿ, ಎಡಗೈಲೇ ನೋಡಿ, ಪ್ರತೀ ಸಲ ಅದೇ ಕೈ. ಅವ್ರ ನಂಬರಿಗೆ ಬೇರೆ ಹಾಳೆ ಮಾಡಿ, ಫಿಸಿಯೋಥೆರಪಿಗೆ ಹೋಗೋವಾಗ ಜೊತೇಲಿ ತಗೊಂಡ್ಹೋಗಿ.