ಕಿಡ್ನಿ ಕೊಡ್ತೀನಿ ಅಂದವರಿಗೆ ದುಡ್ಡು ಕೊಟ್ಟರೆ ತಪ್ಪಾ?

ಬನಹಟ್ಟಿ ಹುಡುಗ:
ನಮ್ಮಣ್ಣನ ಎರಡೂ ಕಿಡ್ನಿ ಹೋಗಿ ಒಂದೂವರೆ ವರ್ಷ ಆಯ್ತು. ವಾರಕ್ಕೆ ಮೂರು ಸಲ ಡಯಾಲಿಸಿಸ್, ಪ್ರತಿ ಸಲ ನಾಲ್ಕು ತಾಸು. ಬೆಳಗಿನ ಬಸ್ಸಿಗೆ ಬಾಗಲಕೋಟೆಗೆ ಹೋದರೆ ಬರೋದು ಸಂಜೆ. ನೀರು ಜಾಸ್ತಿ ಕುಡಿಯೋ ಹಾಗಿಲ್ಲ, ದಿನದ ನೀರನ್ನು ವೈನಿ (ಅಣ್ಣನ ಹೆಂಡತಿ) ಅಳೆದು ಒಂದು ತಂಬಿಗೆಯಲ್ಲಿ ಇಡುತ್ತಾರೆ. ಈ ಬಿಸಿಲಲ್ಲಿ ಮಧ್ಯಾಹ್ನಕ್ಕೇ ತಂಬಿಗೆ ಖಾಲಿ. ಆಮೇಲೆ ಅವನ ಮುಖ ನೋಡೋಕೆ ಆಗಲ್ಲ.

ವೈನಿ ಕೊಡಲು ತಯಾರಿದ್ದಾರೆ. ಆದರೆ ಅಣ್ಣನ ರಕ್ತ ಬಿ, ಅವರದು ಎ, ಹೊಂದಲ್ಲ. ಅವ್ವನಿಗೆ 72 ವಯಸ್ಸು. ನನಗೆ ಶುಗರ್.

ಹೋದ ವಾರ ನಮ್ಮ ಮಗ್ಗದಲ್ಲಿ ನೇಯುವ ಒಬ್ಬರು ಮನೆಗೆ ಬಂದರು. ಕಟ್ಟೆ ಮೇಲೆ ಕೂತವರು ಚಹಾ ಮುಟ್ಟಲಿಲ್ಲ. "ನಂದೂ ಬಿ ಐತ್ರಿ. ಒಂದು ಕಿಡ್ನಿ ಕೊಡ್ತೀನಿ. ಮಗಳ ಮದುವಿ ಸಾಲ ನಾಲ್ಕು ಲಕ್ಷ ಐತಿ, ಅದೊಂದು ಹರಿದ್ರ ಸಾಕು" ಅಂದರು.

ಡಾಕ್ಟರಿಗೆ ದುಡ್ಡು, ಔಷಧಿ ಅಂಗಡಿಗೆ ದುಡ್ಡು. ಕಿಡ್ನಿ ಕೊಟ್ಟವನಿಗೆ ಮಾತ್ರ ಬರಿಗೈ. ಇದು ನ್ಯಾಯನಾ?

ವಿಜಯಪುರದ ವಕೀಲ:
ತಮ್ಮಾ, ಈ ದಾರಿ ಹಿಡೀಬೇಡ. 1994ರ ಅಂಗಾಂಗ ಕಸಿ ಕಾಯ್ದೆ ಪ್ರಕಾರ ಕೊಳ್ಳೋದೂ ಅಪರಾಧ, ಮಾರೋದೂ ಅಪರಾಧ. 2011ರ ತಿದ್ದುಪಡಿ ಆದಮೇಲೆ 5ರಿಂದ 10 ವರ್ಷ ಜೈಲು, 20 ಲಕ್ಷದಿಂದ 1 ಕೋಟಿವರೆಗೆ ದಂಡ. ಹತ್ತಿರದ ಸಂಬಂಧಿ ಅಲ್ಲದವರು ಕೊಡಬೇಕಾದರೆ ಸಮಿತಿಯ ಒಪ್ಪಿಗೆ ಬೇಕು. ದುಡ್ಡಿನ ವ್ಯವಹಾರ ಇದೆಯಾ ಅಂತಲೇ ಅವರು ನೋಡೋದು. ಪ್ರೀತಿಯಿಂದ ಕೊಡ್ತಿದ್ದೀನಿ ಅಂತ ಆ ಬಡವನ ಕೈಲಿ ಸುಳ್ಳು ಹೇಳಿಸಬೇಡ.

ಇಳಕಲ್ಲಿನ ಅಕ್ಕ:
ನಾನು 2019ರಲ್ಲಿ ನನ್ನ ತಮ್ಮನಿಗೆ ಕೊಟ್ಟೆ. ಇವತ್ತಿಗೂ ಆರಾಮ ಇದ್ದೀನಿ. ಆದರೆ ಮೂರು ತಿಂಗಳು ಒಂದು ಕೊಡ ನೀರು ಎತ್ತಲಿಲ್ಲ. ಮನೆಯವರೆಲ್ಲ ಸೇರಿ ನೋಡಿಕೊಂಡರು. ವರ್ಷಾ ವರ್ಷ ಚೆಕಪ್ ಬೇರೆ. ಆ ನೇಕಾರ ಮೂರು ತಿಂಗಳು ಮಗ್ಗ ಬಿಟ್ಟರೆ ಮನೆ ನಡೆಸೋರು ಯಾರು?

ಚೆನ್ನೈಯಲ್ಲಿ ಕಿಡ್ನಿ ಮಾರಿದ್ದ 305 ಜನರನ್ನು 2001ರಲ್ಲಿ ಸಂಶೋಧಕರು ಮಾತಾಡಿಸಿದ್ದರು. ನೂರಕ್ಕೆ 96 ಜನ ಸಾಲಕ್ಕಾಗಿ ಮಾರಿದವರು. ಹತ್ತಿರ ಹತ್ತಿರ ಮುಕ್ಕಾಲು ಭಾಗ ಜನರ ತಲೆ ಮೇಲೆ ಆಗಲೂ ಸಾಲ ಇತ್ತು. ನೂರಕ್ಕೆ 86 ಜನ ಆರೋಗ್ಯ ಕೆಟ್ಟಿತು ಅಂದರು. ಕಿಡ್ನಿಯೂ ಹೋಯ್ತು, ಸಾಲವೂ ಉಳೀತು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಬೆಳಗಾವಿ, ಡಯಾಲಿಸಿಸ್ ಟೆಕ್ನಿಷಿಯನ್:
ಅಕ್ಕ ಹೇಳಿದ್ದು ಖರೆ. ಆದರೂ ಇವರ ಪ್ರಶ್ನೆಯನ್ನು ಸುಮ್ನೆ ತಳ್ಳಿಹಾಕಬಾರದು. ಇರಾನ್‌ನಲ್ಲಿ 1988ರಿಂದ ಸರ್ಕಾರವೇ ಒಪ್ಪಿ ದುಡ್ಡು ಕೊಡಿಸುತ್ತದೆ. ಅಲ್ಲೂ ಮಾರೋಕೆ ಬರೋರು ಬಡವರೇ ಜಾಸ್ತಿ. ನಮ್ಮ ಕಾಯ್ದೆಯೂ ಬರಿಗೈ ಅನ್ನಲ್ಲ. ಕೊಟ್ಟವರಿಗೆ ತಗುಲಿದ ಖರ್ಚು, ತಪ್ಪಿದ ದುಡಿಮೆ ಕೊಟ್ಟರೆ ಅದು ಬೆಲೆ ಅಲ್ಲ. ಸಾಲ ತೀರಿಸಿದರೆ ಬೆಲೆ.

ನಿಮ್ಮ ವೈನಿ ಕಿಡ್ನಿ ವ್ಯರ್ಥ ಅಂತ ಯಾರು ಹೇಳಿದ್ದು? ರೋಗಿ ಎ, ಕೊಡೋರು ಬಿ ಇರುವ ಇನ್ನೊಂದು ಮನೆ ಸಿಕ್ಕರೆ ಅದಲು ಬದಲು ಮಾಡಬಹುದು. ಸ್ವಾಪ್ ಅಂತಾರೆ, ಕಾನೂನಿನಲ್ಲಿ ಅವಕಾಶ ಇದೆ. ಜೊತೆಗೆ ಕಸಿ ಮಾಡುವ ಆಸ್ಪತ್ರೆಯಿಂದ ಜೀವಸಾರ್ಥಕತೆಯಲ್ಲಿ, ಅಂದರೆ ಸತ್ತವರು ದಾನ ಮಾಡಿದ ಅಂಗಾಂಗ ಹಂಚುವ ರಾಜ್ಯದ ಸಂಸ್ಥೆಯಲ್ಲಿ, ಅಣ್ಣನ ಹೆಸರು ಹಚ್ಚಿಸಿ. ಇಷ್ಟು ದಿನ ಇದನ್ನು ನಿಮಗೆ ಯಾರೂ ಹೇಳಿಲ್ಲ ಅಂದರೆ ಸಿಟ್ಟು ಬರುತ್ತೆ.

ಬನಹಟ್ಟಿ ಹುಡುಗ:
ಎಲ್ಲರಿಗೂ ಶರಣು. ನಿನ್ನೆ ಆ ನೇಕಾರರ ಮನೆಗೆ ಹೋಗಿ ಕಿಡ್ನಿ ಮಾತು ಬೇಡ ಅಂದೆ. ಅವರು ಗೋಡೆಗೆ ಮುಖ ಮಾಡಿ ಕೂತುಬಿಟ್ಟರು. ಬಡ್ಡಿ ಎಷ್ಟು ಅಂತ ಕೇಳಿದೆ. ತಿಂಗಳಿಗೆ ನೂರಕ್ಕೆ ಮೂರು ಅಂತೆ. ಸೊಸೈಟಿಯಲ್ಲಿ ಕಮ್ಮಿ ಬಡ್ಡಿಗೆ ಸಾಲ ಸಿಕ್ಕರೆ ನಾನು ಜಾಮೀನು ನಿಲ್ಲುತ್ತೇನೆ. ಸೋಮವಾರ ವೈನಿಯನ್ನು ಕರ್ಕೊಂಡು ಸ್ವಾಪ್ ವಿಚಾರಿಸಲು ಹೊರಟಿದ್ದೇವೆ.