ಜೀನ್ಸ್, ಡೆನಿಮ್ ಎರಡೂ ಒಂದೇನಾ? ಈ ಹೆಸರುಗಳು ಎಲ್ಲಿಂದ ಬಂದವು?

ಪ್ರಶ್ನೆ:
ಪ್ಯಾಂಟಿಗೆ ಜೀನ್ಸ್ ಅಂತೀವಿ, ಬಟ್ಟೆಗೆ ಡೆನಿಮ್ ಅಂತೀವಿ. ಆದರೆ ಹಳೇ ಇಂಗ್ಲಿಷ್ ಬರಹಗಳಲ್ಲಿ ‘ಜೀನ್’ ಅನ್ನೋದು ಬಟ್ಟೆಯ ಹೆಸರೇ ಆಗಿದೆ. ಹಾಗಾದರೆ ಅದು ಬೇರೆ ಬಟ್ಟೆನಾ? ಜೀನ್ ಅನ್ನುವವರು ಯಾರೋ ಅದನ್ನು ಮಾಡಿದ್ದು ಅಂತ ಒಬ್ಬರು ಹೇಳಿದರು, ನನಗೆ ನಂಬಿಕೆ ಬರಲಿಲ್ಲ. ತಿಳಿದವರು ಬಿಡಿಸಿ ಹೇಳಿ.

ಉತ್ತರ 1:
ನಂಬದೇ ಇದ್ದದ್ದೇ ಒಳ್ಳೆಯದಾಯಿತು. ಅದು ಮನುಷ್ಯನ ಹೆಸರಲ್ಲ, ಊರಿನ ಹೆಸರು. ಇಟಲಿಯ ಜಿನೋವಾ ಬಂದರಿನ ಕಡೆಯಿಂದ ಬರುತ್ತಿದ್ದ ಗಟ್ಟಿ ಬಟ್ಟೆಗೆ 16ನೇ ಶತಮಾನದಲ್ಲೇ ಇಂಗ್ಲೆಂಡಿನವರು ‘ಜೀನ್ ಫಸ್ಟಿಯನ್’ ಅನ್ನುತ್ತಿದ್ದರು. ಫಸ್ಟಿಯನ್ ಅಂದರೆ ಸಾಮಾನ್ಯವಾಗಿ ಹಾಸು (ಉದ್ದಕ್ಕೆ ಹೋಗುವ ನೂಲು) ಲಿನನ್, ಹೊಕ್ಕು (ಅಡ್ಡಕ್ಕೆ ನೇಯುವ ನೂಲು) ಹತ್ತಿ ಇರುವ ದಪ್ಪ ಬಟ್ಟೆ. ಬರ್ತಾ ಬರ್ತಾ ಫಸ್ಟಿಯನ್ ಅನ್ನೋ ಮಾತು ಬಿದ್ದುಹೋಯಿತು, ಬಟ್ಟೆಯೂ ಪೂರ್ತಿ ಹತ್ತಿಯದಾಯಿತು, ಜೀನ್ ಮಾತ್ರ ಉಳಿಯಿತು.

ಡೆನಿಮ್ ಕೂಡ ಊರಿನ ಹೆಸರೇ. ಫ್ರಾನ್ಸಿನ ನೀಮ್ ಪಟ್ಟಣದ ‘ಸೆರ್ಜ್ ದ ನೀಮ್’, ಅಂದರೆ ನೀಮ್‌ನ ಸೆರ್ಜ್ ಅನ್ನೋ ಬಟ್ಟೆಯ ಹೆಸರಿನಿಂದ ಬಂದದ್ದು ಅನ್ನುತ್ತಾರೆ. ಆದರೆ ಆ ಸೆರ್ಜ್‌ನಲ್ಲಿ ಇದ್ದದ್ದು ಉಣ್ಣೆ, ರೇಷ್ಮೆ. ಹಾಗಾಗಿ ಅದೇ ಬಟ್ಟೆ ಬೆಳೆದು ಇಂದಿನ ಡೆನಿಮ್ ಆಯಿತು ಅನ್ನೋದನ್ನು ಇತಿಹಾಸಕಾರರು ಎಲ್ಲರೂ ಒಪ್ಪುವುದಿಲ್ಲ.

ಉತ್ತರ 2:
ಬಟ್ಟೆ ಬೇರೆನೇ. ಎರಡರಲ್ಲೂ ಓರೆ ಗೆರೆಯ ಟ್ವಿಲ್ ನೇಯ್ಗೆ ಇರುತ್ತದೆ ನಿಜ, ವ್ಯತ್ಯಾಸ ಇರೋದು ನೂಲಿನಲ್ಲಿ. ಜೀನ್‌ನಲ್ಲಿ ಹಾಸು ಹೊಕ್ಕು ಎರಡೂ ಒಂದೇ ಬಣ್ಣ. ಡೆನಿಮ್‌ನಲ್ಲಿ ಹಾಸು ಮಾತ್ರ ನೀಲಿ, ಹೊಕ್ಕು ಬಿಳಿ. ನಿಮ್ಮ ನೀಲಿ ಪ್ಯಾಂಟಿನ ಕಾಲಂಚು ಮಡಚಿ ನೋಡಿ, ಒಳಮೈ ಬೆಳ್ಳಗಿರುತ್ತದೆ. ಅಂಚಿನಿಂದ ಒಂದು ನೀಲಿ ಎಳೆ ಎಳೆದು, ಹೊಸೆತ ಬಿಚ್ಚಿ ನೋಡಿದರೆ ಅದರ ನಡುವೆಯೂ ಬಿಳಿಯೇ, ನೀಲಿ ಬಣ್ಣ ಒಳಗಿನ ತನಕ ಇಳಿಯೋದೇ ಇಲ್ಲ. ಒಗೆದಂತೆ, ತಿಕ್ಕಿದಂತೆ ಮಂಡಿ ಹತ್ತಿರ ಬೆಳ್ಳಗಾಗೋದು ಅದಕ್ಕೇ.

ಅಮೆರಿಕದ ವ್ಯಾಪಾರಿ ಲೆವಿ ಸ್ಟ್ರಾಸ್ ಮತ್ತು ದರ್ಜಿ ಜೇಕಬ್ ಡೇವಿಸ್ 1873ರಲ್ಲಿ ಪೇಟೆಂಟ್ ಪಡೆದದ್ದು ಬಟ್ಟೆಗಲ್ಲ, ಜೇಬಿನ ಮೂಲೆ ಹರಿಯದ ಹಾಗೆ ತಾಮ್ರದ ರಿವೆಟ್ (ಗುಂಡಿಯಂಥ ಮೊಳೆ) ಹೊಡೆಯುವುದಕ್ಕೆ. ಆ ಪ್ಯಾಂಟುಗಳನ್ನು ಆಗ ಓವರಾಲ್ ಅನ್ನುತ್ತಿದ್ದರು. ಡೆನಿಮ್ ಪ್ಯಾಂಟಿಗೆ ಜೀನ್ಸ್ ಅನ್ನೋದು ಎಲ್ಲರ ಬಾಯಲ್ಲಿ ನಿಂತದ್ದು 20ನೇ ಶತಮಾನದಲ್ಲಿ. ಅಂದರೆ ಒಂದು ಬಟ್ಟೆಯ ಹೆಸರು ಇನ್ನೊಂದು ಬಟ್ಟೆಯ ಪ್ಯಾಂಟಿಗೆ ಅಂಟಿಕೊಂಡಿತು.

ಉತ್ತರ 3:
ಇದರ ಜೊತೆ ಡಂಗರಿಯನ್ನೂ ಸೇರಿಸಬೇಕು, ಅದನ್ನು ಜನ ಜಾಸ್ತಿ ನೆನೆಯೋದೇ ಇಲ್ಲ. ಅದು ಮುಂಬೈನ ಡೋಂಗ್ರಿಯಿಂದ ಹೋದ ಹೆಸರು. ಅಲ್ಲಿ ಸಿಗುತ್ತಿದ್ದ ಒರಟು ಹತ್ತಿ ಬಟ್ಟೆಯನ್ನು ಇಂಗ್ಲಿಷರು 17ನೇ ಶತಮಾನದಿಂದಲೇ ಬಲ್ಲರು. ಆಮೇಲೆ ಅದರಿಂದ ಹೊಲಿದ ಕೆಲಸದ ಬಟ್ಟೆಗಳಿಗೂ ಅದೇ ಹೆಸರಾಯಿತು. ಜಿನೋವಾ, ನೀಮ್ ಅಂತ ಎಲ್ಲರೂ ಹೇಳ್ತಾರೆ, ಡೋಂಗ್ರಿಯನ್ನೂ ಅದೇ ಸಾಲಿನಲ್ಲಿ ಹೇಳಬೇಕಲ್ವಾ?