ಅಪ್‌ಡೇಟ್: ಆ್ಯಪ್ ಕೊನೆಗೂ ಬಿಲ್ಡ್ ಆಯಿತು, ತಪ್ಪು ಜಾವಾದ್ದು

ದಾವಣಗೆರೆಯ ಮೆಕ್ಕೆಜೋಳದ ವರ್ತಕರೊಬ್ಬರಿಗೆ ಮಾಡಿಕೊಟ್ಟ ಆಂಡ್ರಾಯ್ಡ್ ಆ್ಯಪ್ ನನ್ನ ಲ್ಯಾಪ್‌ಟಾಪಿನಲ್ಲಿ ಬಿಲ್ಡ್ ಆಗುತ್ತದೆ (ಕೋಡಿನಿಂದ ಆ್ಯಪ್ ತಯಾರಾಗುತ್ತದೆ), ಸರ್ವರಿನಲ್ಲಿ ಏಕೆ ಆಗುವುದಿಲ್ಲ ಎಂದು ಕಳೆದ ವಾರ ಕೇಳಿದ್ದೆ. ‘ಮೊದಲು ಜಾವಾ ಆವೃತ್ತಿ ನೋಡಿ’ ಎಂದವರ ಮಾತೇ ನಿಜವಾಯಿತು.

ಬಿಲ್ಡಿನ ದಾಖಲೆಯಾದ ಲಾಗ್‌ನಲ್ಲಿ ‘ಮೇಜರ್ ವರ್ಷನ್ 65’ ಎಂಬ ಸಾಲಿತ್ತು. ಮೂರು ದಿನ ಅದನ್ನು ದಾಟಿಕೊಂಡು ಕೆಳಗಿನ ಸಾಲುಗಳನ್ನೇ ಜಾಲಾಡಿದೆ. ಅದು ಜಾವಾ ಕಡತ ಯಾವ ಆವೃತ್ತಿಯದೆಂದು ಹೇಳುವ ಸಂಖ್ಯೆ: 65 ಎಂದರೆ ಜಾವಾ 21, 61 ಎಂದರೆ 17. ಸರ್ವರ್ ಅಪ್‌ಡೇಟ್ ಆದಾಗ 17 ಹೋಗಿ 21 ಬಂದು ಕುಳಿತಿತ್ತು. ಬಿಲ್ಡ್ ಮಾಡುವ ಉಪಕರಣ ಗ್ರೇಡಲ್. ನಮ್ಮಲ್ಲಿದ್ದದ್ದು ಗ್ರೇಡಲ್ 8.0, ಅದು ಜಾವಾ 21ರ ಮೇಲೆ ಓಡುವುದಿಲ್ಲ, ಜಾವಾ 21ಕ್ಕೆ ಕನಿಷ್ಠ ಗ್ರೇಡಲ್ 8.5 ಬೇಕು. ಗ್ರೇಡಲ್ ಜೊತೆ ಸೇರಿ ಆಂಡ್ರಾಯ್ಡ್ ಆ್ಯಪ್ ಕಟ್ಟುವ ಆಂಡ್ರಾಯ್ಡ್ ಪ್ಲಗಿನ್ 8.0 ಕೇಳುವುದು ಕನಿಷ್ಠ ಜಾವಾ 17ನ್ನು. ಹೀಗೆ ಮೂರೂ ಒಂದಕ್ಕೊಂದು ಹೊಂದಬೇಕು; ಒಂದನ್ನಷ್ಟೇ ಏರಿಸಿದರೆ ಉಳಿದವು ಮುನಿಸಿಕೊಳ್ಳಬಹುದು.

ಸದ್ಯ ಸರ್ವರಿನ ಸ್ಕ್ರಿಪ್ಟಿನಲ್ಲಿ ಜಾವಾ 17 ಎಂದೇ ಬರೆದಿಟ್ಟಿದ್ದೇನೆ. ‘ಇತ್ತೀಚಿನದು’ ಎಂಬ ಪದವನ್ನು ಎಲ್ಲ ಕಡೆಯಿಂದಲೂ ತೆಗೆದೆ. ಗ್ರೇಡಲ್ ಆವೃತ್ತಿ ರ‍್ಯಾಪರ್ ಕಡತದಲ್ಲಿ (ಯಾವ ಗ್ರೇಡಲ್ ಬಳಸಬೇಕೆಂದು ಹೇಳುವ ಕಡತ) ಮೊದಲೇ ಇತ್ತು, ಪುಣ್ಯ. ನಿನ್ನೆ ರಾತ್ರಿ ಬಿಲ್ಡ್ ಹಸಿರಾಯಿತು, ಅಂದರೆ ತಪ್ಪಿಲ್ಲದೆ ಮುಗಿಯಿತು. ಬೆಳಿಗ್ಗೆ ಮಂಡಿಗೆ ಹೋಗಿ ವರ್ತಕರ ಮೊಬೈಲಿಗೆ ನಾನೇ ಹಾಕಿಕೊಟ್ಟೆ. ತೂಕದ ಚೀಟಿ ಸರಿಯಾಗಿ ಬಂತು.

ಗ್ರೇಡಲ್ 8.5ಕ್ಕೆ ಹೋಗುವ ಕೆಲಸವನ್ನು ಸುಗ್ಗಿ ಮುಗಿದ ಮೇಲೆ, ಬೇರೆ ಬ್ರಾಂಚಿನಲ್ಲಿ (ಕೋಡಿನ ಪ್ರತ್ಯೇಕ ಕವಲಿನಲ್ಲಿ) ಮಾಡುತ್ತೇನೆ. ಉತ್ತರಿಸಿದ ಎಲ್ಲರಿಗೂ ಮನಸಾರೆ ಧನ್ಯವಾದ.